ಒಂದೇ ಮೇಜಿನ ಎರಡು ಬದಿ: ಜಾನ್ ಸ್ಟುವರ್ಟ್ ಮಿಲ್ ಕಲಿತ ಬಗೆ

ಮೇಜು ಒಂದೇ. ಅದರ ಒಂದು ಬದಿಯಲ್ಲಿ ಕುಳಿತು ಜೇಮ್ಸ್ ಮಿಲ್ ಭಾರತದ ಇತಿಹಾಸ ಬರೆಯುತ್ತಿದ್ದ. ಆತ ಭಾರತಕ್ಕೆ ಒಮ್ಮೆಯೂ ಬಂದವನಲ್ಲ, ಇಲ್ಲಿನ ಒಂದು ಭಾಷೆಯೂ ಆತನಿಗೆ ಬರುತ್ತಿರಲಿಲ್ಲ. ಅದೊಂದು ಕೊರತೆಯೇ ಅಲ್ಲವೆಂದು ಪುಸ್ತಕದ ಮುನ್ನುಡಿಯಲ್ಲೇ ವಾದ ಹೂಡಿದ ಎದೆಗಾರ. ಮೇಜಿನ ಇನ್ನೊಂದು ಬದಿಯಲ್ಲಿ ಅವನ ಹಿರಿಯ ಮಗ ಜಾನ್, ಮುಂದೆ ಇಂಗ್ಲೆಂಡಿನ ಹೆಸರಾಂತ ತತ್ತ್ವಜ್ಞಾನಿಯಾದ ಜಾನ್ ಸ್ಟುವರ್ಟ್ ಮಿಲ್, ಆಗ ಇನ್ನೂ ಎಂಟು ತುಂಬದ ಹುಡುಗ, ಗ್ರೀಕ್ ಓದುತ್ತಿದ್ದ. ಗ್ರೀಕ್ ಪದಕ್ಕೆ ಇಂಗ್ಲಿಷ್ ಅರ್ಥ ಕೊಡುವ ನಿಘಂಟು ಆಗ ಇರಲಿಲ್ಲ. ಇದ್ದವುಗಳಲ್ಲಿ ಅರ್ಥ ಲ್ಯಾಟಿನ್ನಿನಲ್ಲಿರುತ್ತಿತ್ತು, ಹುಡುಗ ಲ್ಯಾಟಿನ್ ಇನ್ನೂ ಶುರು ಮಾಡಿರಲಿಲ್ಲ. ಹಾಗಾಗಿ ಗೊತ್ತಿಲ್ಲದ ಪ್ರತಿಯೊಂದು ಪದಕ್ಕೂ ಅವನು ತಲೆಯೆತ್ತಿ ಅಪ್ಪನನ್ನೇ ಕೇಳಬೇಕು. ಅಪ್ಪ ಮುಂಗೋಪಿ. ಆದರೂ ವರ್ಷಗಟ್ಟಲೆ ಈ ಅಡಚಣೆಯನ್ನು ತಾಳಿಕೊಂಡ. 1806ರಲ್ಲಿ ಆರಂಭಿಸಿ 1817ರಲ್ಲಿ ಅಚ್ಚಿಗೆ ಕಳಿಸಿದ ಆ ಬೃಹತ್ ಇತಿಹಾಸದ ಬಹುಭಾಗ ಹೀಗೆ ಪದ ಪದಕ್ಕೂ ತಡೆದು ತಡೆದು ಬರೆದದ್ದು.

ಭಾರತದ ಆಡಳಿತಕ್ಕೆ ಹೊರಡುವ ಇಂಗ್ಲಿಷ್ ತರುಣರು ಮುಂದೆ ಆ ಇತಿಹಾಸವನ್ನು ಪಠ್ಯವಾಗಿ ಓದಿದರು. ನಮ್ಮ ಬಗ್ಗೆ ಅದರಲ್ಲಿರುವ ಕಟುವಾದ ತೀರ್ಪುಗಳನ್ನು ಓದುವಾಗಲೆಲ್ಲ, ಆಚೆ ಬದಿಯಲ್ಲಿ ಕಾಲು ನೆಲಕ್ಕೆ ಎಟುಕದ ಒಬ್ಬ ಹುಡುಗ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನ ಪುಟ ತಿರುವುತ್ತಿದ್ದ ಎಂಬುದು ನನಗೆ ನೆನಪಾಗುತ್ತದೆ. ಮೇಜಿನ ಮೇಲೆ ಎರಡು ಯೋಜನೆಗಳು ಏಕಕಾಲಕ್ಕೆ ನಡೆಯುತ್ತಿದ್ದವು. ಒಂದರಲ್ಲಿ ಕಾಣದ ದೇಶವೊಂದನ್ನು ಬರಿಯ ತತ್ತ್ವದ ಬಲದಿಂದ ಅಳೆಯುವುದು. ಇನ್ನೊಂದರಲ್ಲಿ ಅದೇ ತತ್ತ್ವದ ಬಲದಿಂದ ಒಂದು ಮನಸ್ಸನ್ನು ಕಟ್ಟುವುದು. ಇಲ್ಲಿ ನಮಗೆ ಬೇಕಾದದ್ದು ಎರಡನೆಯದು.

ಈ ಪ್ರಕರಣವನ್ನು ಸಾಮಾನ್ಯವಾಗಿ ಹೇಳುವ ಧಾಟಿ ಒಂದಿದೆ: ಕಠೋರ ತಂದೆ, ಮೂರನೇ ವಯಸ್ಸಿಗೆ ಗ್ರೀಕ್, ಎಂಟಕ್ಕೆ ಲ್ಯಾಟಿನ್, ಆಟವಿಲ್ಲ, ಗೆಳೆಯರಿಲ್ಲ, ಇಪ್ಪತ್ತಕ್ಕೆ ಮನಸ್ಸು ಕುಸಿಯಿತು, ನೋಡಿ, ಮಕ್ಕಳ ತಲೆಗೆ ತುರುಕಿದರೆ ಹೀಗಾಗುತ್ತದೆ. ಘಟನೆಗಳ ಮಟ್ಟಿಗೆ ಇದರಲ್ಲಿ ಸುಳ್ಳಿಲ್ಲ. ಕಾರಣದ ಮಟ್ಟಿಗೆ ಮಾತ್ರ ಇದು ಪೂರ್ತಿ ತಪ್ಪು ಎಂದು ನನ್ನ ಅಭಿಪ್ರಾಯ. ಜೇಮ್ಸ್ ಮಿಲ್ ಮಗನ ತಲೆಗೆ ತುರುಕಲಿಲ್ಲ. ತುರುಕಿದ್ದರೆ ಹುಡುಗ ಬಹುಶಃ ಕುಸಿಯುತ್ತಲೂ ಇರಲಿಲ್ಲ, ಒಳ್ಳೆಯ ಗುಮಾಸ್ತನಾಗಿ ಬಾಳುತ್ತಿದ್ದ.

ತಂದೆಯ ಲೆಕ್ಕ

ಜೇಮ್ಸ್ 1773ರಲ್ಲಿ ಸ್ಕಾಟ್ಲೆಂಡಿನ ಹಳ್ಳಿಯೊಂದರಲ್ಲಿ ಚಮ್ಮಾರನ ಮಗನಾಗಿ ಹುಟ್ಟಿದ. ಬುದ್ಧಿವಂತ ಹುಡುಗನೆಂದು ಆ ಸೀಮೆಯ ಜಮೀನುದಾರ ಸರ್ ಜಾನ್ ಸ್ಟುವರ್ಟ್ ಕೈಹಿಡಿದ, ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಓದಿಸಿದ. ಪಾದ್ರಿಯಾಗಲು ಪರವಾನಗಿ ಸಿಕ್ಕಿತು, ಆದರೆ ನಂಬಿಕೆ ಉಳಿಯಲಿಲ್ಲ. 1802ರಲ್ಲಿ ಲಂಡನ್ನಿಗೆ ಬಂದು ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯತೊಡಗಿದ. 1805ರಲ್ಲಿ ಹ್ಯಾರಿಯೆಟ್ ಬರೋಳನ್ನು ಮದುವೆಯಾದ. ಮರುವರ್ಷ ಮೇ 20ರಂದು ಪೆಂಟನ್‌ವಿಲ್‌ನಲ್ಲಿ ಮೊದಲ ಮಗು ಹುಟ್ಟಿತು, ಹಳೆಯ ಉಪಕಾರಿಯ ಹೆಸರನ್ನೇ ಇಟ್ಟರು. ಆಮೇಲೆ ಇನ್ನೂ ಎಂಟು ಮಕ್ಕಳು. ನಿಶ್ಚಿತ ವರಮಾನವಿಲ್ಲದ ಬರಹಗಾರನಿಗೆ ಒಂಬತ್ತು ಮಕ್ಕಳು! ಜನಸಂಖ್ಯೆ ಮಿತಿಯಲ್ಲಿರಬೇಕೆಂದು ಬೋಧಿಸುತ್ತಿದ್ದ ಅಪ್ಪನ ಈ ನಡತೆ ಅವನದೇ ವಿಚಾರಗಳಿಗೆ ಎಷ್ಟು ವಿರುದ್ಧವಾಗಿತ್ತು ಎಂಬುದನ್ನು ಮಗನೇ ತನ್ನ ಆತ್ಮಕಥೆಯಲ್ಲಿ ಎತ್ತಿ ಆಡಿದ್ದಾನೆ.

ಜೇಮ್ಸ್‌ನ ನಂಬಿಕೆ ಒಂದೇ ಮಾತಿನದು: ಮನುಷ್ಯ ಮನುಷ್ಯನ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಹುಟ್ಟಿನದಲ್ಲ, ಶಿಕ್ಷಣದ್ದು. ಮನಸ್ಸು ಎಂದರೆ ಅನುಭವಗಳ ಜೋಡಣೆ. ಯಾವುದರ ಜೊತೆ ಯಾವುದು ಮತ್ತೆ ಮತ್ತೆ ಬರುತ್ತದೆಯೋ ಅವೆರಡೂ ಬೆಸೆದುಕೊಳ್ಳುತ್ತವೆ. ಒಳ್ಳೆಯದರ ಜೊತೆ ಸುಖವನ್ನೂ ಕೆಟ್ಟದರ ಜೊತೆ ನೋವನ್ನೂ ಬೆಸೆದರೆ ಒಳ್ಳೆಯ ಮನುಷ್ಯ ತಯಾರಾಗುತ್ತಾನೆ. ಆಗ ಇದನ್ನು ಹೇಳಿದವರು ಬೇರೆಯವರೂ ಇದ್ದರು, ಪುಸ್ತಕದಲ್ಲಿ. ಜೇಮ್ಸ್ ಅದನ್ನು ಮನೆಯಲ್ಲೇ ಮಾಡಿನೋಡಲು ಕುಳಿತ.

ಬೆಂಬಲಕ್ಕೆ ಜೆರೆಮಿ ಬೆಂಥಮ್ ಇದ್ದ. ಬಹುಜನರ ಅತ್ಯಧಿಕ ಸುಖವೇ ಕಾನೂನಿಗೂ ನೀತಿಗೂ ಅಳತೆಗೋಲು ಎಂದ ಉಪಯುಕ್ತತಾವಾದದ ಮೂಲಪುರುಷ ಅವನು. ಹಣವಂತ, ಅವಿವಾಹಿತ. 1812ರಲ್ಲಿ ಜೇಮ್ಸ್‌ನ ಆರೋಗ್ಯ ಕೆಟ್ಟು ಸಾವಿನ ಮಾತು ಬಂದಾಗ, ಅಂಥದ್ದೇನಾದರೂ ಆದರೆ ಹುಡುಗನ ಹೊಣೆ ತನ್ನದು ಎಂದು ಬೆಂಥಮ್ ಮುಂದೆ ಬಂದ. ಜೇಮ್ಸ್ ಬರೆದ ಉತ್ತರ ಉಳಿದಿದೆ. ತಾನು ಸತ್ತರೆ ಮಗನ ಮನಸ್ಸು ಪೂರ್ತಿ ರೂಪುಗೊಳ್ಳದೆ ಉಳಿದುಬಿಡುತ್ತದಲ್ಲ ಎಂಬುದೇ ಅವನ ದೊಡ್ಡ ಚಿಂತೆ. ನಮ್ಮಿಬ್ಬರಿಗೂ ಯೋಗ್ಯನಾದ ಉತ್ತರಾಧಿಕಾರಿಯನ್ನು ಬಿಟ್ಟುಹೋಗೋಣ ಎಂಬ ಆಸೆ. ಉತ್ತರಾಧಿಕಾರಿಗೆ ಆಗ ವಯಸ್ಸು ಆರು. ಅವನನ್ನು ಯಾರೂ ಕೇಳಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಗಿಳಿಪಾಠವಲ್ಲ

ಮೂರನೇ ವಯಸ್ಸಿನಲ್ಲಿ ಆರಂಭ. ಗ್ರೀಕ್ ಪದ, ಅದರ ಇಂಗ್ಲಿಷ್ ಅರ್ಥ, ಇಷ್ಟನ್ನು ಅಪ್ಪ ಚೀಟಿಗಳ ಮೇಲೆ ಬರೆದುಕೊಟ್ಟ. ವ್ಯಾಕರಣ ಆಮೇಲೆ. ಬೇಗನೆ ನೇರವಾಗಿ ಅನುವಾದಕ್ಕೆ ಇಳಿಸಿದ: ಮೊದಲು ಈಸೋಪನ ಕಥೆಗಳು, ಬಳಿಕ ಕ್ಸೆನೊಫೋನ್‌ನ ಅನಾಬಸಿಸ್. ಎಂಟಾಗುವಷ್ಟರಲ್ಲಿ ಹೆರೊಡೋಟಸ್ ಪೂರ್ತಿ, ಕ್ಸೆನೊಫೋನ್ ಸಾಕ್ರಟೀಸನ ಬಗ್ಗೆ ಬರೆದದ್ದು, ಲೂಸಿಯನ್‌ನ ಒಂದಷ್ಟು, ಮತ್ತು 1813ರಲ್ಲಿ ಪ್ಲೇಟೋನ ಆರು ಸಂವಾದಗಳು. ಆ ಆರರಲ್ಲಿ ಕೊನೆಯದಾದ ಥಿಯೇಟಿಟಸ್ ಅರ್ಥವಾಗುವುದು ಸಾಧ್ಯವೇ ಇರಲಿಲ್ಲ, ಬಿಟ್ಟಿದ್ದರೆ ಒಳ್ಳೆಯದಿತ್ತು ಎಂದು ಮಗನೇ ಬರೆದಿದ್ದಾನೆ. ಜ್ಞಾನವೆಂದರೇನು ಎಂಬ ಪ್ರಶ್ನೆಗೆ ಕೊನೆಗೂ ಉತ್ತರ ಕೊಡದೆ ಮುಗಿಯುವ ಸಂವಾದ ಅದು. ಏಳು ವರ್ಷದವನಿಗೆ ಅದನ್ನು ಓದಿಸಿದ್ದು ಮೊಂಡುತನವೋ ಕುರುಡುತನವೋ, ಎರಡೂ ಇರಬೇಕು.

ಸಂಜೆ ಗಣಿತ. ಹುಡುಗನಿಗೆ ಅದು ಬೇಸರ. ಬೆಳಗ್ಗೆ ತಿಂಡಿಗೆ ಮುಂಚೆ ಹಾರ್ನ್ಸಿ ಕಡೆಯ ಹಸಿರು ಹಾದಿಗಳಲ್ಲಿ ಅಪ್ಪನ ಜೊತೆ ನಡಿಗೆ. ಹಿಂದಿನ ದಿನ ಓದಿದ ಇತಿಹಾಸವನ್ನು ಹುಡುಗ ಚಿಕ್ಕ ಕಾಗದದ ಚೂರುಗಳಲ್ಲಿ ಗುರುತು ಹಾಕಿಟ್ಟುಕೊಂಡು, ನಡೆಯುತ್ತಾ ಅಪ್ಪನಿಗೆ ಕಥೆಯಂತೆ ಹೇಳಬೇಕು. ಹ್ಯೂಮ್, ಗಿಬ್ಬನ್, ಎಲ್ಲಕ್ಕಿಂತ ಇಷ್ಟವಾದದ್ದು ಸ್ಪೇನಿನ ದೊರೆಗಳ ಮೇಲೆ ವ್ಯಾಟ್ಸನ್ ಬರೆದ ಇತಿಹಾಸ, ಅದರಲ್ಲೂ ಪ್ರಬಲ ರಾಜನ ವಿರುದ್ಧ ಡಚ್ಚರು ನಡೆಸಿದ ಬಂಡಾಯ. ಮಕ್ಕಳ ಪುಸ್ತಕಗಳು ಮನೆಯಲ್ಲಿ ಇರಲೇ ಇಲ್ಲವೆನ್ನಬೇಕು; ಯಾರೋ ನೆಂಟರೋ ಪರಿಚಿತರೋ ಕೊಟ್ಟದ್ದು ಅಷ್ಟಿಷ್ಟು, ಅವುಗಳಲ್ಲಿ ರಾಬಿನ್ಸನ್ ಕ್ರೂಸೋ ಎಲ್ಲಕ್ಕೂ ಮಿಗಿಲು. ನಿರ್ಜನ ದ್ವೀಪದಲ್ಲಿ ಒಬ್ಬಂಟಿಯಾದವನ ಕಥೆ ಈ ಹುಡುಗನಿಗೆ ಅಷ್ಟು ಹಿಡಿಸಿದ್ದರಲ್ಲಿ ಅಚ್ಚರಿಯಿಲ್ಲ.

ಇಲ್ಲೇ ನಿಂತು ನೋಡಬೇಕಾದ ವಿಷಯವಿದೆ. ಪಟ್ಟಿ ನೋಡಿದರೆ ಉರು ಹೊಡೆಸಿದಂತೆ ಕಾಣುತ್ತದೆ. ನಡೆದದ್ದು ಅದಲ್ಲ. ತಾನಾಗಿ ಯೋಚಿಸಿ ಕಂಡುಕೊಳ್ಳಬಹುದಾದ ಯಾವುದನ್ನೂ ಅಪ್ಪ ಹೇಳಿಕೊಡುತ್ತಿರಲಿಲ್ಲ. ಹುಡುಗ ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡಿ ಸೋತ ಮೇಲೆಯೇ ಬಾಯಿ ಬಿಡುತ್ತಿದ್ದ. ಹನ್ನೆರಡಕ್ಕೆ ತರ್ಕಶಾಸ್ತ್ರ ಶುರುವಾಯಿತು. ಬ್ಯಾಗ್‌ಶಾಟ್ ಬಯಲಿನಲ್ಲಿ ನಡೆಯುತ್ತಾ ಅಪ್ಪ ಕೇಳಿದ: ಈ ಅನುಮಾನವಾಕ್ಯಗಳ ತರ್ಕದಿಂದ, ಅಂದರೆ ಎರಡು ಮಾತುಗಳಿಂದ ಮೂರನೆಯದನ್ನು ತೀರ್ಮಾನಿಸುವ ಕ್ರಮದಿಂದ, ಆಗುವ ಪ್ರಯೋಜನವೇನು, ಯೋಚಿಸಿ ಹೇಳು. ಹುಡುಗನಿಗೆ ಹೇಳಲಾಗಲಿಲ್ಲ. ಅಪ್ಪ ವಿವರಿಸಿದ, ಅದೂ ಆಗ ತಲೆಗೆ ಹತ್ತಲಿಲ್ಲ. ಆದರೆ ಆ ವಿವರಣೆ ಎಲ್ಲೋ ಕುಳಿತುಕೊಂಡಿತು, ಮುಂದೆ ತಾನು ಕಂಡುಕೊಂಡದ್ದೆಲ್ಲ ಅದರ ಸುತ್ತ ಹರಳುಗಟ್ಟಿತು ಎನ್ನುತ್ತಾನೆ ಮಿಲ್. 1843ರಲ್ಲಿ ತರ್ಕಶಾಸ್ತ್ರದ ಬಗ್ಗೆ ಎರಡು ಸಂಪುಟ ಬರೆದವನ ಮಾತಿದು.

ಹದಿಮೂರಕ್ಕೆ ಅರ್ಥಶಾಸ್ತ್ರ. ಅಪ್ಪನ ಆಪ್ತ ಗೆಳೆಯ ಡೇವಿಡ್ ರಿಕಾರ್ಡೋನ ಕೃತಿ ಹೊರಬಂದು ಎರಡೇ ವರ್ಷವಾಗಿತ್ತು, ಚಿಕ್ಕವರಿಗೆ ತಿಳಿಯುವಂಥ ಪುಸ್ತಕ ಒಂದೂ ಇರಲಿಲ್ಲ. ನಡಿಗೆಯಲ್ಲಿ ಅಪ್ಪ ಒಂದೊಂದು ಭಾಗ ಬಾಯಲ್ಲಿ ಹೇಳುತ್ತಿದ್ದ, ಮರುದಿನ ಮಗ ಬರೆದು ತರುತ್ತಿದ್ದ. ಸ್ಪಷ್ಟವಾಗುವವರೆಗೂ ತಿದ್ದಿಸಿ ತಿದ್ದಿಸಿ ಬರೆಸಿದ. ಕೊನೆಗೆ ಆ ಟಿಪ್ಪಣಿಗಳನ್ನೇ ಇಟ್ಟುಕೊಂಡು ಜೇಮ್ಸ್ 1821ರಲ್ಲಿ ತನ್ನ ಅರ್ಥಶಾಸ್ತ್ರದ ಪುಸ್ತಕ ಪ್ರಕಟಿಸಿದ. ಹದಿಮೂರರ ಹುಡುಗನ ಟಿಪ್ಪಣಿ ಅಚ್ಚಾಗುವ ಪುಸ್ತಕಕ್ಕೆ ಆಧಾರವಾಯಿತು ಎಂದರೆ ಅದು ಬಾಯಿಪಾಠದಿಂದ ಬರುವ ಫಲವಲ್ಲ.

ಇನ್ನೊಂದು ಸಣ್ಣ ಪ್ರಸಂಗ, ನನ್ನ ಪಾಲಿಗೆ ಇಡೀ ಪ್ರಕರಣದ ಬೀಗದ ಕೈ. ಯಾವುದೋ ವಿಷಯ ತತ್ತ್ವದಲ್ಲಿ ಸರಿಯಿದ್ದರೂ ಆಚರಣೆಯಲ್ಲಿ ಬೇರೆ ಎಂದು ಹದಿಮೂರರ ಜಾನ್ ಎಲ್ಲರೂ ಹೇಳುವಂತೆ ಹೇಳಿಬಿಟ್ಟ. ಅಪ್ಪ ಸಿಟ್ಟಾದ. ತತ್ತ್ವ ಎಂದರೇನು, ಲಕ್ಷಣ ಹೇಳು ಎಂದ. ಹುಡುಗ ತಡವರಿಸಿದ. ಅಪ್ಪ ಆ ಮಾತಿನೊಳಗಿನ ತಪ್ಪನ್ನು ಬಿಚ್ಚಿ ತೋರಿಸಿದ, ಜೊತೆಗೆ ಇಂಥ ಅಜ್ಞಾನಕ್ಕೆ ಎಣೆಯಿಲ್ಲ ಎಂಬ ಭಾವನೆಯನ್ನೂ ಉಳಿಸಿಹೋದ. ಅಪ್ಪನ ಸಿಟ್ಟು ನ್ಯಾಯವಲ್ಲ ಎಂದು ದೊಡ್ಡವನಾದ ಮಿಲ್ ಬರೆದಿದ್ದಾನೆ. ಆದರೆ ಪಾಠ ಮಾತ್ರ ಎದೆಗಿಳಿಯಿತು. ಹೇಳಿದ ಮಾತನ್ನು ಹಿಡಿದು ನಿಲ್ಲಿಸಿ, ಇದರ ಅರ್ಥವೇನು, ಇದು ನಿಜವೇ ಎಂದು ಕೇಳುವ ಅಭ್ಯಾಸ ಆ ಮನೆಯಲ್ಲಿ ಉಸಿರಾಟದಷ್ಟು ಸಹಜವಾಯಿತು.

ಫೋರ್ಡ್ ಆಬಿಯ ಒಂದು ಮಧ್ಯಾಹ್ನ

1814ರಿಂದ ಮಿಲ್ ಕುಟುಂಬ ಲಂಡನ್ನಿನಲ್ಲಿ ಬೆಂಥಮ್‌ನ ನೆರೆಮನೆಯಲ್ಲೇ ಇತ್ತು. ಅದೇ ಹೊತ್ತಿಗೆ ಅವನು ನೈರುತ್ಯ ಇಂಗ್ಲೆಂಡಿನಲ್ಲಿ ಫೋರ್ಡ್ ಆಬಿ ಎಂಬ ಹಳೆಯ ಮಠವನ್ನು ಬಾಡಿಗೆಗೆ ಹಿಡಿದ. ಕೆಲವು ವರ್ಷ ಕುಟುಂಬ ವರ್ಷದ ಬಹುಭಾಗ ಅಲ್ಲಿ ಕಳೆಯಿತು. 1817ರಲ್ಲಿ ಅಲ್ಲಿಗೆ ಅತಿಥಿಯಾಗಿ ಹೋದವನು ಫ್ರಾನ್ಸಿಸ್ ಪ್ಲೇಸ್. ದರ್ಜಿಯಾಗಿ ದುಡಿದು ಮೇಲೆ ಬಂದು ಲಂಡನ್ನಿನ ಸುಧಾರಣಾವಾದಿ ರಾಜಕೀಯದಲ್ಲಿ ಹೆಸರಾದ ಮನುಷ್ಯ. ಅವನು ಹೆಂಡತಿಗೆ ಬರೆದ ಪತ್ರವೊಂದರಲ್ಲಿ ಈ ಪಾಠಶಾಲೆ ಹೊರಗಿನವನ ಕಣ್ಣಿಗೆ ಹೇಗೆ ಕಂಡಿತೆಂಬುದು ಸಿಗುತ್ತದೆ.

ಜೇಮ್ಸ್‌ನ ಪದ್ಧತಿ ತಾನು ಕಂಡದ್ದರಲ್ಲೆಲ್ಲ ಅತ್ಯುತ್ತಮ ಎಂದು ಪ್ಲೇಸ್ ಬರೆಯುತ್ತಾನೆ. ಮಾತು ಮುಗಿಯುವುದರೊಳಗೆ, ಆದರೆ ಮಿತಿಮೀರಿದ ಕಠಿಣ ಎನ್ನುತ್ತಾನೆ. ಆ ದಿನ ಬೆಳಗ್ಗೆ ವಿಲ್ಲಿ ಮತ್ತು ಕ್ಲಾರಾ, ಜಾನ್‌ನ ತಂಗಿಯರು, ಪಾಠ ಸರಿಯಾಗಿ ಒಪ್ಪಿಸಲಿಲ್ಲ. ಒಂದು ಗಂಟೆಗೆ ಮೇಲೆ ಹೋದ ಊಟ ಹಾಗೇ ಕೆಳಗೆ ಬಂತು. ಪತ್ರ ಬರೆಯುವಾಗ ಮೂರು ಗಂಟೆ. ಹುಡುಗಿಯರು ಇನ್ನೂ ಪುಸ್ತಕ ಹಿಡಿದು ಕುಳಿತಿದ್ದಾರೆ, ಆರರವರೆಗೆ ಊಟವಿಲ್ಲ. ಜಾನ್‌ಗೂ ಇಲ್ಲ. ಅವನ ತಪ್ಪೇನು? ತಂಗಿಯರ ಪಾಠ ನೋಡಿಕೊಳ್ಳುವ ಹೊಣೆ ಅವನದು, ತಪ್ಪಿದ್ದರೂ ಸರಿ ಎಂದು ಬಿಟ್ಟಿದ್ದ. ಅಷ್ಟಕ್ಕೂ ತಪ್ಪಿದ್ದು ಒಂದೇ ಒಂದು ಪದ.

ಇದನ್ನು ಓದಿ ಜೇಮ್ಸ್‌ನನ್ನು ರಾಕ್ಷಸನೆಂದು ಬಿಡುವುದು ಸುಲಭ. ನನ್ನ ಕಣ್ಣಿಗೆ ಬೀಳುವುದು ಬೇರೆ. ಹನ್ನೊಂದರ ಹುಡುಗ ಇಲ್ಲಿ ವಿದ್ಯಾರ್ಥಿಯಲ್ಲ, ಉಪಾಧ್ಯಾಯ. ಎಂಟನೇ ವಯಸ್ಸಿನಲ್ಲಿ ತಾನು ಲ್ಯಾಟಿನ್ ಕಲಿಯುತ್ತಲೇ ತಂಗಿಗೂ ಕಲಿಸಬೇಕಿತ್ತು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಂಗಿಯರೆಲ್ಲ ಅವನ ಕೈಕೆಳಗೆ ಬಂದರು. ಅವರ ತಪ್ಪಿಗೆಲ್ಲ ಅವನೇ ಉತ್ತರ ಕೊಡಬೇಕು. ಈ ಕೆಲಸ ತನಗೆ ಒಗ್ಗಲೇ ಇಲ್ಲ ಎಂದು ಬರೆಯುತ್ತಾನೆ. ಕಲಿತದ್ದು ಇದರಿಂದ ಗಟ್ಟಿಯಾಯಿತು ಎಂಬುದನ್ನು ಮಾತ್ರ ಒಪ್ಪುತ್ತಾನೆ. ಮನೆಯಲ್ಲಿ ಅವನ ವಯಸ್ಸಿನವರು ಯಾರೂ ಇಲ್ಲ. ಇದ್ದವರು ಒಂದೋ ಮೇಲಿನವರು, ಅಥವಾ ಕೆಳಗಿನವರು. ಹೊರಗಿನ ಹುಡುಗರ ಸಹವಾಸ ಅಪ್ಪನಿಗೆ ಬೇಡ, ಅವರ ಒರಟು ಮಾತು ಕೀಳು ಅಭಿರುಚಿ ಅಂಟೀತು. ರಜೆಯೂ ಇಲ್ಲ, ದುಡಿಯುವ ರೂಢಿ ತಪ್ಪೀತು. ಕೈಕೆಲಸದಲ್ಲಿ ಅವನು ಕೊನೆಯವರೆಗೂ ಹೆಡ್ಡನಾಗಿಯೇ ಉಳಿದ. ಬೇರೆ ಹುಡುಗರ ಜೊತೆ ಬಿದ್ದು ಎದ್ದು ಬೆಳೆದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅವನಿಗೇ ಗೊತ್ತಿತ್ತು.

ಯೋಜನೆಗೆ ಸಿಗದೆ ನುಸುಳಿದ್ದು

ಇಷ್ಟು ಬಿಗಿಯಾದ ವ್ಯವಸ್ಥೆಯಲ್ಲೂ ಸಂದುಗಳಿದ್ದವು. ಮುಂದೆ ಅವನನ್ನು ಕಾಪಾಡಿದ್ದು ಇವೇ ಎನಿಸುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು, ಅದೇ ಫೋರ್ಡ್ ಆಬಿ. ಲಂಡನ್ನಿನ ಮಧ್ಯಮವರ್ಗದ ಇಕ್ಕಟ್ಟು ಕೋಣೆಗಳಿಂದ ಬಂದ ಹುಡುಗನಿಗೆ ಆ ಕಲ್ಲಿನ ಹಜಾರ, ಎತ್ತರದ ಚಾವಣಿ, ನೆರಳು ತುಂಬಿದ ತೋಟ, ಎಲ್ಲೆಲ್ಲೂ ಕೇಳುವ ನೀರಿನ ಸದ್ದು ವಿಶಾಲವಾದ, ಸ್ವತಂತ್ರವಾದ ಬದುಕೊಂದರ ಸುಳಿವು ಕೊಟ್ಟವಂತೆ. ಪ್ಲೇಸ್ ಊಟವಿಲ್ಲದ ಮಕ್ಕಳನ್ನು ಕಂಡ ಅದೇ ಮನೆಯನ್ನು ಆ ಮಕ್ಕಳಲ್ಲೊಬ್ಬ ತನ್ನ ಮೊದಲ ಕಾವ್ಯಶಿಕ್ಷಣವೆಂಬಂತೆ ನೆನೆಯುತ್ತಾನೆ.

ಇನ್ನೊಂದು, ಹುಡುಗನ ಖಾಸಗಿ ಬರವಣಿಗೆ. ಬಿಡುವಿನಲ್ಲಿ ಅವನು ಇತಿಹಾಸ ಬರೆಯುತ್ತಿದ್ದ. ಹನ್ನೊಂದು ಹನ್ನೆರಡರಲ್ಲಿ ರೋಮ್‌ನ ಆಡಳಿತದ ಮೇಲೆ ಒಂದು ಪುಸ್ತಕವಾಗುವಷ್ಟು. ಆಮೇಲೆ ನಾಚಿಕೆಯಾಗಿ ಹರಿದುಹಾಕಿದ. ಅಪ್ಪ ಇದಕ್ಕೆ ಉತ್ತೇಜನ ಕೊಟ್ಟ, ಆದರೆ ತೋರಿಸು ಎಂದು ಒಮ್ಮೆಯೂ ಕೇಳಲಿಲ್ಲ. ಅದು ಜಾಣತನ ಎಂದು ಮಗ ಮೆಚ್ಚುತ್ತಾನೆ: ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ, ತಪ್ಪು ಹುಡುಕುವ ಕಣ್ಣಿನ ತಣ್ಣನೆಯ ಅನುಭವ ಅಲ್ಲಿಲ್ಲ. ಹನ್ನೆರಡು ವರ್ಷದ ಶಿಕ್ಷಣದಲ್ಲಿ ಅಪ್ಪ ಕೇಳದೆ ಬಿಟ್ಟ ಒಂದೇ ಪ್ರಶ್ನೆ ಇದಿರಬೇಕು. ಜೇಮ್ಸ್ ಮಾಡಿದ ಅತಿ ದೊಡ್ಡ ಉಪಕಾರವೂ ಬಹುಶಃ ಇದೇ.

ಮೂರನೆಯದು ಫ್ರಾನ್ಸ್. 1820ರ ಮೇ ತಿಂಗಳಲ್ಲಿ, ಹದಿನಾಲ್ಕು ತುಂಬುವ ಹೊತ್ತಿಗೆ, ಬೆಂಥಮ್‌ನ ತಮ್ಮ ಸರ್ ಸ್ಯಾಮ್ಯುಯೆಲ್ ಬೆಂಥಮ್‌ನ ಸಂಸಾರದ ಜೊತೆ ದಕ್ಷಿಣ ಫ್ರಾನ್ಸಿಗೆ ಹೋದ. ಹೊರಟದ್ದು ಆರು ತಿಂಗಳಿಗೆಂದು, ಉಳಿದದ್ದು ಒಂದು ವರ್ಷಕ್ಕೂ ಮೇಲೆ. ಹೊರಡುವ ಮುನ್ನ ಹೈಡ್ ಪಾರ್ಕಿನಲ್ಲಿ ಅಪ್ಪ ಒಂದು ಮಾತು ಹೇಳಿದ: ಹೊಸ ಜನರ ನಡುವೆ ಹೋದಾಗ ನಿನ್ನ ವಯಸ್ಸಿನವರಿಗೆ ತಿಳಿಯದ ಎಷ್ಟೋ ವಿಷಯ ನಿನಗೆ ತಿಳಿದಿದೆ ಎಂದು ಕಾಣುತ್ತದೆ, ಜನ ಹೊಗಳಲೂಬಹುದು, ಅದು ನಿನ್ನ ಹೆಚ್ಚುಗಾರಿಕೆಯಲ್ಲ, ಕಲಿಸಬಲ್ಲ, ಕಲಿಸಲು ಕಷ್ಟಪಡಬಲ್ಲ ತಂದೆ ಸಿಕ್ಕ ಅದೃಷ್ಟ. ಆವರೆಗೆ ತಾನು ಬೇರೆಯವರಿಗಿಂತ ಮುಂದೆ ಎಂಬುದೇ ಹುಡುಗನಿಗೆ ಗೊತ್ತಿರಲಿಲ್ಲ. ತನ್ನ ಬಗ್ಗೆ ಅಂದಾಜೇ ಇರಲಿಲ್ಲ; ಇದ್ದರೆ ಓದಿನಲ್ಲಿ ಹಿಂದೆ ಬಿದ್ದಿದ್ದೇನೆ ಎಂಬುದೊಂದೇ, ಏಕೆಂದರೆ ಅಪ್ಪನ ನಿರೀಕ್ಷೆಯ ಮಟ್ಟ ಯಾವಾಗಲೂ ಎರಡು ಮೆಟ್ಟಿಲು ಮೇಲೆ.

ಫ್ರಾನ್ಸಿನಲ್ಲಿ ಅವನು ಫ್ರೆಂಚ್ ಕಲಿತ, ಪಿರೆನೀಸ್ ಪರ್ವತ ಹತ್ತಿದ, ಗಿಡಗಳನ್ನು ಸಂಗ್ರಹಿಸುವ ಹವ್ಯಾಸ ಹತ್ತಿಸಿಕೊಂಡ. ಆ ಹವ್ಯಾಸ ಸಾಯುವವರೆಗೂ ಬಿಡಲಿಲ್ಲ. ಮೊಂಪೆಲಿಯೆಯಲ್ಲಿ ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರದ ಉಪನ್ಯಾಸ ಕೇಳಿದ. ಆದರೆ ಅತಿ ಮುಖ್ಯವಾಗಿ ಅವನಿಗೆ ಹಿಡಿಸಿದ್ದು ಜನರ ನಡವಳಿಕೆ: ಭಾವನೆಯನ್ನು ಮುಚ್ಚಿಡದೆ, ಎದುರಿನವನು ಶತ್ರುವೋ ಏನೋ ಎಂಬ ಅಳುಕಿಲ್ಲದೆ ಬೆರೆಯುವ ರೀತಿ. ಅಲ್ಲಿ ಉಸಿರಾಡಿದ ಗಾಳಿಯೇ ಮುಕ್ತವಾಗಿತ್ತು ಎಂಬರ್ಥದ ಮಾತು ಬರೆದಿದ್ದಾನೆ.

ಮರಳಿದ ಮೇಲಿನದನ್ನು ಬೇಗ ಹೇಳಿ ಮುಗಿಸಬಹುದು. ಆಕ್ಸ್‌ಫರ್ಡ್ ಸೇರಲು ಆಂಗ್ಲಿಕನ್ ಚರ್ಚಿನ ಮೂವತ್ತೊಂಬತ್ತು ವಿಧಿಗಳಿಗೆ ಸಹಿ ಹಾಕಬೇಕಿತ್ತು, ಕೇಂಬ್ರಿಜ್‌ನಲ್ಲಿ ಪದವಿ ಪಡೆಯುವಾಗ ಇಂಥದ್ದೇ ಷರತ್ತು. ಧರ್ಮದ ನಂಬಿಕೆಯೇ ಇಲ್ಲದೆ ಬೆಳೆಸಿದ ಹುಡುಗ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಲಿಲ್ಲ. ನ್ಯಾಯಶಾಸ್ತ್ರಜ್ಞ ಜಾನ್ ಆಸ್ಟಿನ್ ಬಳಿ ರೋಮನ್ ಕಾನೂನು ಓದಿದ. ಬೆಂಥಮ್‌ನ ವಿಚಾರಗಳನ್ನು ಫ್ರೆಂಚಿನಲ್ಲಿ ಓದಿ ಮುಗಿಸಿದಾಗ ತಾನು ಬೇರೆಯೇ ಮನುಷ್ಯನಾಗಿದ್ದೆ ಎನ್ನುತ್ತಾನೆ. ಬದುಕಿಗೆ ಗುರಿ ಸಿಕ್ಕಿತ್ತು, ಲೋಕವನ್ನು ಸುಧಾರಿಸುವುದು. 1823ರ ಮೇ 21ರಂದು, ಹದಿನೇಳು ತುಂಬಿದ ಮರುದಿನ, ಅಪ್ಪ ಆಗಲೇ ಕೆಲಸಕ್ಕಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಅಪ್ಪನ ಕೈಕೆಳಗೇ ಗುಮಾಸ್ತನಾಗಿ ಸೇರಿದ. ಮೇಜು ಬದಲಾಯಿತು, ಬದಿಗಳು ಅವೇ.

1826ರ ಪ್ರಶ್ನೆ

ಇಪ್ಪತ್ತರ ಹರೆಯ. ಹಗಲು ಕಚೇರಿ, ಉಳಿದ ಹೊತ್ತಿನಲ್ಲಿ ಪತ್ರಿಕೆಗಳಿಗೆ ಬರಹ, ಚರ್ಚಾಕೂಟ, ಮೇಲಾಗಿ ಸಾಕ್ಷ್ಯದ ಕುರಿತು ಬೆಂಥಮ್ ಬರೆದು ಗುಡ್ಡೆ ಹಾಕಿದ್ದ ಹಸ್ತಪ್ರತಿಗಳನ್ನು ಐದು ಸಂಪುಟಗಳಾಗಿ ಸಂಪಾದಿಸುವ ಕೆಲಸ. ಆ ಶರತ್ಕಾಲದಲ್ಲಿ, ಮನಸ್ಸು ಮಂಕಾಗಿದ್ದ ಒಂದು ಗಳಿಗೆಯಲ್ಲಿ ತನಗೆ ತಾನೇ ಕೇಳಿಕೊಂಡ: ನಿನ್ನ ಬದುಕಿನ ಗುರಿಗಳೆಲ್ಲ ಈಡೇರಿದವು ಎಂದಿಟ್ಟುಕೋ, ನೀನು ಬಯಸುವ ಬದಲಾವಣೆಗಳೆಲ್ಲ ಈ ಕ್ಷಣವೇ ಆಗಿಹೋದವು ಎಂದಿಟ್ಟುಕೋ; ಅದರಿಂದ ನಿನಗೆ ದೊಡ್ಡ ಆನಂದವಾಗುತ್ತದೆಯೇ? ಒಳಗಿನಿಂದ ತಡೆಯಲಾಗದಂತೆ ಉತ್ತರ ಬಂತು: ಇಲ್ಲ.

ಬದುಕು ನಿಂತಿದ್ದ ಅಡಿಪಾಯ ಕುಸಿಯಿತು. ನಿದ್ದೆ ಮಾಡಿದರೆ ಹೋದೀತು ಎಂದುಕೊಂಡ, ಹೋಗಲಿಲ್ಲ. ಕೆಲಸ ನಿಲ್ಲಲಿಲ್ಲ, ಚರ್ಚಾಕೂಟದಲ್ಲಿ ಭಾಷಣವೂ ಮಾಡಿದ, ಯಂತ್ರದಂತೆ. 1826–27ರ ಚಳಿಗಾಲವೆಲ್ಲ ಹೀಗೆ.

ಪ್ರಶ್ನೆಯ ಧಾಟಿಯನ್ನು ಗಮನಿಸಿ. ಎಂದಿಟ್ಟುಕೋ, ಈಗ ಹೇಳು. ಬ್ಯಾಗ್‌ಶಾಟ್ ಬಯಲಿನಲ್ಲಿ ಕೇಳಿದ ದನಿಯೇ ಇದು. ಎಲ್ಲರಂತೆ ಆಡಿದ ಮಾತನ್ನು ಹಿಡಿದು ನಿಲ್ಲಿಸಿ ಲಕ್ಷಣ ಕೇಳಿದ ಅಪ್ಪನೇ ಇಲ್ಲಿ ಮಗನೊಳಗೆ ಕುಳಿತು, ಲೋಕದ ಸುಖವೇ ನನ್ನ ಸುಖ ಎಂಬ ಮಾತನ್ನು ಹಿಡಿದು ನಿಲ್ಲಿಸಿದ್ದಾನೆ. ಮಗ ಪ್ರಾಮಾಣಿಕವಾಗಿ ಉತ್ತರ ಕೊಟ್ಟ. ಈ ಕುಸಿತವನ್ನು ಶಿಕ್ಷಣದ ಸೋಲು ಎನ್ನುವವರು ಈ ಅರ್ಧವನ್ನು ನೋಡುವುದಿಲ್ಲ. ಕಲಿಸಿದ್ದು ಚಾಚೂ ತಪ್ಪದೆ ಕೆಲಸ ಮಾಡಿತು.

ಸೋತದ್ದು ಇನ್ನೊಂದರ್ಧ. ಮಿಲ್ ಅದನ್ನು ಯಾರಿಗಿಂತಲೂ ಚೆನ್ನಾಗಿ ಬಿಡಿಸಿದ್ದಾನೆ. ಅಪ್ಪನ ಸಿದ್ಧಾಂತದ ಪ್ರಕಾರ ಸದ್ಭಾವನೆ ಎಂದರೆ ಒಂದು ಬೆಸುಗೆ, ಹೊಗಳಿಕೆ ತೆಗಳಿಕೆ, ಬಹುಮಾನ ಶಿಕ್ಷೆಗಳಿಂದ ಹಾಕಿದ್ದು. ಅಪ್ಪನ ಪದ್ಧತಿಯ ಪ್ರಕಾರ ಬುದ್ಧಿ ಎಂದರೆ ಬೆಸುಗೆಗಳನ್ನು ಬಿಚ್ಚುವ ಶಕ್ತಿ. ರೂಢಿಯಿಂದ ಮಾತ್ರ ಒಟ್ಟಿಗಿರುವ ಎರಡು ವಿಷಯಗಳನ್ನು ಬೇರೆ ಮಾಡಿ ನೋಡುವುದು. ಒಂದು ಕೈಯಲ್ಲಿ ಹೊಲಿದು ಇನ್ನೊಂದು ಕೈಗೆ ಕತ್ತರಿ ಕೊಟ್ಟಂತಾಯಿತು. ಲೋಕಹಿತಕ್ಕೂ ತನ್ನ ಸುಖಕ್ಕೂ ಹಾಕಿದ್ದ ಹೊಲಿಗೆ ಸಹಜವಾಗಿ ಬೆಳೆದದ್ದಲ್ಲ, ಹೊರಗಿನಿಂದ ಹಾಕಿದ್ದು. ಕತ್ತರಿ ಮಾತ್ರ ಹರಿತ. ಹಡಗು, ಚುಕ್ಕಾಣಿ ಎಲ್ಲ ಇದೆ, ಹಾಯಿ ಇಲ್ಲ ಎಂದು ತನ್ನ ಸ್ಥಿತಿಯನ್ನು ಅವನು ಹೇಳಿಕೊಂಡ. ಇಷ್ಟು ತೀಕ್ಷ್ಣ ಮನುಷ್ಯನಾದ ಜೇಮ್ಸ್‌ಗೆ ತನ್ನ ಎರಡು ನಂಬಿಕೆಗಳು ಒಂದನ್ನೊಂದು ತಿನ್ನುತ್ತವೆ ಎಂದು ಹೊಳೆಯಲೇ ಇಲ್ಲ. ತೀವ್ರ ಭಾವನೆಗಳೆಂದರೆ ಆತನಿಗೆ ತಾತ್ಸಾರ. ಆಳವಾಗಿ ನೋಡಬೇಕಾದ ವಸ್ತು ಅದೆಂದೇ ಅನಿಸಿರಲಿಕ್ಕಿಲ್ಲ.

ಯಾರಿಗೆ ಹೇಳಿಕೊಳ್ಳುವುದು? ಎಲ್ಲ ಕಷ್ಟಕ್ಕೂ ಅಪ್ಪನ ಬಳಿ ಓಡುವುದೇ ರೂಢಿ, ಇದಕ್ಕೆ ಮಾತ್ರ ಅಪ್ಪ ಕಟ್ಟಕಡೆಯ ಮನುಷ್ಯ. ತಾನು ಕಟ್ಟಿದ್ದು ಬಿದ್ದಿದೆ ಎಂದು ಕಟ್ಟಿದವನಿಗೆ ಹೇಳಿ ನೋಯಿಸುವುದೇಕೆ, ಅದೂ ರಿಪೇರಿ ಅವನಿಂದ ಆಗದ ಮೇಲೆ ಎಂದು ಸುಮ್ಮನಾದ.

ತಿಂಗಳುಗಳ ಮೇಲೆ, ಅಕಸ್ಮಾತ್ತಾಗಿ, ಫ್ರೆಂಚ್ ಲೇಖಕ ಮಾರ್ಮೊಂತೆಲ್‌ನ ನೆನಪುಗಳನ್ನು ಓದುತ್ತಿದ್ದ. ಅದರಲ್ಲಿ ಲೇಖಕನ ತಂದೆ ಸತ್ತಿದ್ದಾನೆ, ಮನೆಯವರು ದಿಕ್ಕುತೋಚದೆ ಕುಳಿತಿದ್ದಾರೆ. ಇನ್ನೂ ಹುಡುಗನಾದ ಮಗನಿಗೆ ಇದ್ದಕ್ಕಿದ್ದಂತೆ ಅನಿಸುತ್ತದೆ, ಇವರು ಕಳೆದುಕೊಂಡದ್ದೆಲ್ಲ ನಾನಾಗುತ್ತೇನೆ. ಮಿಲ್‌ನ ಕಣ್ಣಲ್ಲಿ ನೀರು ಬಂತು. ಭಾರ ಹಗುರಾಯಿತು. ಭಾವನೆ ಸತ್ತಿಲ್ಲ, ತಾನು ಕಲ್ಲಲ್ಲ. ತಂದೆ ಸಾಯುವ ದೃಶ್ಯವೇ ಏಕೆ ಅವನನ್ನು ಬಿಡಿಸಿತು ಎಂದು ಮುಂದಿನವರು ಬೇಕಾದಷ್ಟು ಬರೆದಿದ್ದಾರೆ. ಆ ಊಹೆಗೆ ಕೈಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಆ ಪುಟವನ್ನು ಮಗನ ದುಃಖಕ್ಕಿಂತ ಮಗನ ಹೊಣೆಯಾಗಿ ಓದಿದರೂ ಅಷ್ಟೇ ಹೊಂದುತ್ತದೆ. 1828ರಲ್ಲಿ ವರ್ಡ್ಸ್‌ವರ್ತ್ ಸಿಕ್ಕ, ಬೆಟ್ಟಗಳ ಕವಿ. ಪಿರೆನೀಸ್ ಕಂಡು ಬಂದಿದ್ದ ಕಣ್ಣಿಗೆ ಆ ಕವಿತೆಗಳು ತಕ್ಷಣ ಒಗ್ಗಿದವು ಎಂದು ಸ್ವತಃ ಮಿಲ್ ಹೇಳುತ್ತಾನೆ. ಹದಿನಾಲ್ಕರಲ್ಲಿ ಯೋಜನೆಯ ಆಚೆ ನುಸುಳಿದ್ದು ಇಪ್ಪತ್ತೆರಡರಲ್ಲಿ ಕೈಗೆ ಬಂತು.

ಸಾಕ್ಷಿ ಒಬ್ಬನೇ

ಇಷ್ಟನ್ನೂ ಹೇಳುತ್ತಿರುವವನು ಬಹುಪಾಲು ಮಿಲ್ ಒಬ್ಬನೇ ಎಂಬುದನ್ನು ಮರೆಯಬಾರದು. ಆತ್ಮಕಥೆಯ ಮೊದಲ ಕರಡು 1853–54ರದು, ಬರೆದವನಿಗೆ ಆಗ ನಲವತ್ತೇಳರ ಆಸುಪಾಸು. 1851ರಲ್ಲಿ ಹ್ಯಾರಿಯೆಟ್ ಟೇಲರ್‌ಳನ್ನು ಮದುವೆಯಾದ ಮೇಲೆ ತಾಯಿ, ತಮ್ಮ ತಂಗಿಯರ ಜೊತೆ ಮನಸ್ಸು ಮುರಿದುಕೊಂಡಿದ್ದ ಕಾಲ. ಕರಡನ್ನು ಹೆಂಡತಿ ಹ್ಯಾರಿಯೆಟ್ ತಿದ್ದಿದಳು. ಮಿಲ್ 1873ರ ಮೇ ತಿಂಗಳಲ್ಲಿ ತೀರಿಕೊಂಡ, ಪುಸ್ತಕ ಅದೇ ವರ್ಷ ಹೊರಬಂತು.

ಅದರಲ್ಲಿ ಅವನು ಅಪ್ಪನಿಗೆ ನ್ಯಾಯ ಸಲ್ಲಿಸಲು ಬಹಳ ಕಷ್ಟಪಡುತ್ತಾನೆ. ತನ್ನ ಸಹಜ ಶಕ್ತಿ ಸಾಮಾನ್ಯಕ್ಕಿಂತ ಕಡಿಮೆಯೇ, ತಾನು ಮಾಡಿದ್ದನ್ನು ಆರೋಗ್ಯವಂತ ಮಗು ಯಾವುದಾದರೂ ಮಾಡಬಲ್ಲದು, ಸಮಕಾಲೀನರಿಗಿಂತ ಕಾಲು ಶತಮಾನ ಮುಂದೆ ಹೊರಟದ್ದು ಅಪ್ಪನ ದಯೆ ಎನ್ನುತ್ತಾನೆ. ಇದನ್ನು ನಾನು ನಂಬುವುದಿಲ್ಲ. ಅದೇ ಅಪ್ಪ, ಅದೇ ಪದ್ಧತಿ, ಅದೇ ಉಪಾಧ್ಯಾಯ ಅಣ್ಣ ಸಿಕ್ಕ ಮಕ್ಕಳು ಇನ್ನೂ ಎಂಟು ಮಂದಿ ಇದ್ದರು, ಅವರಲ್ಲಿ ಎರಡನೆಯ ಮಿಲ್ ಬರಲಿಲ್ಲ. ಶಿಕ್ಷಣವೇ ಎಲ್ಲ ಎಂಬ ಸಿದ್ಧಾಂತಕ್ಕೆ ಆ ಮನೆಯಲ್ಲೇ ಇದ್ದ ಎಂಟು ಆಕ್ಷೇಪಣೆಗಳನ್ನು ಅಪ್ಪನೂ ಎಣಿಸಲಿಲ್ಲ, ಮಗನೂ ಎಣಿಸಲಿಲ್ಲ.

ಅಚ್ಚಾದ ಪುಸ್ತಕದಲ್ಲಿ ತಾಯಿಗೆ ಜಾಗವಿಲ್ಲ. ತಂದೆಗೆ ಮದುವೆಯಾಯಿತು, ಮಕ್ಕಳಾದವು, ಅಷ್ಟೇ. ಕರಡಿನಲ್ಲಿ ಆಕೆ ಇದ್ದಳು: ನಿಜವಾಗಿ ಬೆಚ್ಚಗಿನ ಮನಸ್ಸಿನ ತಾಯಿ ಇದ್ದಿದ್ದರೆ ತಂದೆಯೇ ಬೇರೆ ಮನುಷ್ಯನಾಗುತ್ತಿದ್ದ, ಮಕ್ಕಳು ಪ್ರೀತಿಸುತ್ತ ಪ್ರೀತಿ ಪಡೆಯುತ್ತ ಬೆಳೆಯುತ್ತಿದ್ದರು, ಆಕೆಗೆ ಅವರಿಗಾಗಿ ಗೇಯುವುದಷ್ಟೇ ಗೊತ್ತಿತ್ತು ಎಂದು ಬರೆದಿದ್ದ. ಒಂಬತ್ತು ಮಕ್ಕಳ ತಾಯಿಯ ಮೇಲೆ ಹೊರಿಸಿದ ಈ ಆರೋಪ ಅನ್ಯಾಯದ್ದು. ಮನೆಯ ತಣ್ಣನೆಗೆ ಕಾರಣವಾದವನನ್ನು ಬಿಟ್ಟು ಪಕ್ಕದವಳನ್ನು ಹಿಡಿದಂತೆ. ಅದನ್ನು ತೆಗೆದುಹಾಕಿದ. ಅದರ ಜೊತೆ ಇನ್ನೊಂದು ವಾಕ್ಯವೂ ಹೋಯಿತು, 1961ರಲ್ಲಿ ಕರಡು ಅಚ್ಚಾಗುವವರೆಗೆ ಓದುಗರ ಕಣ್ಣಿಗೆ ಸರಿಯಾಗಿ ಬೀಳದೆ. ನಾನು ಪ್ರೀತಿ ಇಲ್ಲದ ಕಡೆ, ಭಯ ಇರುವ ಕಡೆ ಬೆಳೆದೆ, ಎಂದು ಬರೆದು ಹೊಡೆದುಹಾಕಿದ್ದ.